ನಲವತ್ತೊಂದು ಸ್ವಾಗತ ಪತ್ರಗಳು

ಟ್ರಾವೆಲರ್ಸ್ ಬಂಗಲೆಯ ಜಗಲಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತು ಶಫೀವುಲ್ಲಾ ಬೆಳಿಗ್ಗೆಯಿಂದ ಪ್ರೊಫೆಸರರ ಬದುಕನ್ನು ಕನ್ನಡಕ್ಕೆ ಇಳಿಸುತ್ತಿದ್ದ. ಟೈಪು ಮಾಡಿದ ಒಂದೇ ಹಾಳೆ. ಐವತ್ತೆಂಟು ವರ್ಷ ಒಂದು ಹಾಳೆಯಲ್ಲಿ ಹಿಡಿಸಿಬಿಟ್ಟಿತಲ್ಲ ಎಂದು ಮೊದಲು ಅನ್ನಿಸಿತು. ತನ್ನದಾದರೆ ಅರ್ಧ ಹಾಳೆಯೂ ತುಂಬದು ಎಂದು ಆಮೇಲೆ ಅನ್ನಿಸಿತು. ಎಲ್ಮರ್ ಸ್ಟ್ರಾಂಡ್, ಅಮೆರಿಕದ ಅಯೋವಾ ರಾಜ್ಯದಲ್ಲಿ ಜನನ, ತಂದೆ ಮುಸುಕಿನ ಜೋಳ ಬೆಳೆಯುವ ರೈತ. ಇಪ್ಪತ್ತೇಳು ವರ್ಷಗಳಿಂದ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕರು. ಸಾವಿರದ ಒಂಬೈನೂರ ಐವತ್ತರಲ್ಲಿ ಒಮ್ಮೆ, ಐವತ್ತೆರಡರಲ್ಲಿ ಇನ್ನೊಮ್ಮೆ ಆ ರಾಜ್ಯದ ಶಾಸನಸಭೆಗೆ ಆಯ್ಕೆಯಾದವರು. ಇಲ್ಲಿಯವರೆಗೆ ಪೆನ್ನು ಸಲೀಸಾಗಿ ಬಂದಿತ್ತು. ಮುಂದಿನ ಸಾಲಿನಲ್ಲಿ ನಿಂತುಬಿಟ್ಟಿತ್ತು. ಐವತ್ತನಾಲ್ಕರ ಚುನಾವಣೆಯಲ್ಲಿ ನೂರ ಹನ್ನೆರಡು ಮತಗಳಿಂದ ಸೋತರು. ಅಲ್ಲಿಂದೀಚೆಗೆ ಯಾವ ಸ್ಥಾನದಲ್ಲೂ ಇಲ್ಲ, ಬರೀ ಮೇಷ್ಟರು. ಸಂಜೆ ನಾಲ್ಕಕ್ಕೆ ತಾಲ್ಲೂಕು ಬೋರ್ಡಿನ ಹಾಲಿನಲ್ಲಿ ಬೀಳ್ಕೊಡುಗೆ. ಅದು ಮುಗಿದ ಕೂಡಲೇ ಪ್ರೊಫೆಸರರು ಕಾರು ಹತ್ತಿ ಬೆಂಗಳೂರಿಗೆ, ಅಲ್ಲಿಂದ ವಿಮಾನದಲ್ಲಿ ತಮ್ಮ ದೇಶಕ್ಕೆ. ‘ಒಂದು ಸಾಲೂ ಬಿಡದೆ ಓದಬೇಕು ಶಫಿ, ಮುಖ್ಯವಾಗಿ ಸೋತ ಸಾಲು’ ಎಂದು ನಿನ್ನೆ ಹೇಳಿದ್ದರು. ಅವರಿಗೇನು ಗೊತ್ತು, ನಾಲ್ಕು ತಿಂಗಳಿಂದ ನಾಲ್ಕು ತಾಲ್ಲೂಕಿನ ಒಂದೊಂದು ಸಭೆಯಲ್ಲೂ ತಮ್ಮ ದುಭಾಷಿ ಆ ಸಾಲನ್ನೇ ನುಂಗುತ್ತಾ ಬಂದಿದ್ದಾನೆ ಎಂದು. ರಂಜಾನು ನಡೆಯುತ್ತಿತ್ತು. ಬೆಳಗಿನ ಜಾವ ಕುಡಿದ ನೀರು ಎಲ್ಲಿ ಹೋಯಿತೋ, ಒಂಬತ್ತು ಗಂಟೆಗೇ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು.

ತಲೆ ಎತ್ತಿದರೆ ಕಾಂಪೌಂಡಿನ ಹೊಂಗೆ ಮರದ ಕೆಳಗೆ ದಾಸಮ್ಮ ಕಾಣುತ್ತಾಳೆ, ಅದಕ್ಕೇ ಅವನು ತಲೆ ಎತ್ತುತ್ತಿರಲಿಲ್ಲ. ಬುಕ್ಕಾಪಟ್ಟಣದ ಕಡೆಯ ಹೆಂಗಸು, ಐವತ್ತರ ಆಸುಪಾಸು. ಮೊದಲ ಬಸ್ಸಿಗೆ ಬಂದು ಕೂತವಳು ಇನ್ನೂ ಎದ್ದಿಲ್ಲ. ಗಂಡ ದೊಡ್ಡರಂಗಯ್ಯನಿಗೆ ಸರ್ಕಾರದಿಂದ ದರಖಾಸ್ತಿನಲ್ಲಿ ಎರಡು ಎಕರೆ ಜಮೀನು ಸಿಕ್ಕಿತ್ತು. ಅವನು ಸತ್ತ ಮೇಲೆ ಮೈದುನ ಚಿಕ್ಕರಂಗಯ್ಯ, ಅದು ನಮ್ಮಪ್ಪನಿಗೆ ಸಿಕ್ಕಿದ್ದು, ನನಗೆ ಸೇರಬೇಕು ಎಂದು ತಕರಾರು ಹಾಕಿದ್ದ. ಇವತ್ತು ಹನ್ನೊಂದು ಗಂಟೆಗೆ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರು ಕೇಸು ಕೂಗಿಸುತ್ತಾರೆ. ಗಂಡನ ಹೆಸರಿರುವ ಸಾಗುವಳಿ ಚೀಟಿ ತೋರಿಸಿದರೆ ಜಮೀನು ಅವಳದು, ತೋರಿಸದಿದ್ದರೆ ಮೈದುನನದು. ಅಷ್ಟೇ ವಿಷಯ. ಆ ಚೀಟಿ ಪ್ರೊಫೆಸರರ ಕೋಣೆಯಲ್ಲಿ, ಅವರ ಚರ್ಮದ ಫೈಲಿನಲ್ಲಿ, ಅಮೆರಿಕಕ್ಕೆ ಹೊರಟು ಕೂತಿತ್ತು. ಅದು ಅಲ್ಲಿಗೆ ಹೋದದ್ದು ಶಫೀವುಲ್ಲಾನ ಕೈಯಿಂದ.

ತಾಲ್ಲೂಕು ಕಚೇರಿಯ ಖಜಾನೆ ಕಾವಲಿನವನು ಗಂಟೆ ಬಾರಿಸಿದ.

‘ಮೇಷ್ಟ್ರೆ, ಒಂಬತ್ತು ಒಡೀತು’ ಎಂದಳು ದಾಸಮ್ಮ ಕೂತಲ್ಲಿಂದಲೇ.

‘ಕೇಳಿಸ್ತು ಕಣಮ್ಮ. ಸಾಹೇಬ್ರು ಸ್ನಾನಕ್ಕೆ ಹೋಗಿದಾರೆ. ಬಂದ ತಕ್ಷಣ ಈಸ್ಕೊಡ್ತೀನಿ.’

‘ನಾನು ಕಚೇರಿ ತಾವ ಓಗಿ ಕೂತಿರ್ಲಾ?’

‘ಚೀಟಿ ಇಲ್ದೆ ಹೋಗಿ ಏನ್ ಮಾಡ್ತೀರ. ಇಲ್ಲೇ ಇರಿ. ಇಬ್ರೂ ಒಟ್ಟಿಗೇ ಹೋಗೋಣ.’

ಹೇಳಿದ ಮೇಲೆ ಅವನಿಗೆ ಸ್ವಲ್ಪ ಹಗುರಾಯಿತು. ಮಾತು ಕೊಟ್ಟ ಕೂಡಲೇ ಅರ್ಧ ಕೆಲಸ ಆದ ಹಾಗೆ ಅನ್ನಿಸುವುದು ಅವನ ಹಳೆಯ ರೋಗ. ಹೆಂಡತಿ ಸಾಬೀರಾ ಅದನ್ನು ಮದುವೆಯಾದ ವರ್ಷವೇ ಕಂಡುಹಿಡಿದಿದ್ದಳು.

ಮೊದಲನೆಯ ಸಭೆ ಪಟ್ಟನಾಯಕನಹಳ್ಳಿಯಲ್ಲಿ ಆದದ್ದು. ಡಿಸೆಂಬರಿನ ಬಿಸಿಲು ಹಿತವಾಗಿತ್ತು. ಪಂಚಾಯಿತಿ ಚೇರ್ಮನ್ ಶಂಕರಲಿಂಗಪ್ಪನವರು ಊರಿನಲ್ಲಿದ್ದ ಒಂದೇ ಒಂದು ಸೋಫಾವನ್ನು ಹೊರಿಸಿ ತಂದು ವೇದಿಕೆಯ ಮೇಲೆ ಹಾಕಿಸಿದ್ದರು, ಚೆಂಡುಹೂವಿನ ಹಾರ ಪ್ರೊಫೆಸರರ ಮೊಣಕಾಲಿನವರೆಗೂ ಇಳಿದಿತ್ತು. ಇಲ್ಲಿಯ ಪಂಚಾಯಿತಿಗಳು ಹೇಗೆ ನಡೆಯುತ್ತವೆ ಎಂದು ನೋಡಲು ಬಂದವರು ಅವರು. ತಾಲ್ಲೂಕು ಕೇಂದ್ರದ ಹೈಸ್ಕೂಲಿನಲ್ಲಿ ಚರಿತ್ರೆಯನ್ನೂ ಇಂಗ್ಲಿಷನ್ನೂ ಹೇಳುವ ಶಫೀವುಲ್ಲಾನನ್ನು ದುಭಾಷಿಯಾಗಿ ಕೊಟ್ಟಿದ್ದರು. ಪ್ರೊಫೆಸರರು ಎದ್ದು ನಿಂತು ಮೊದಲ ಮಾತಿಗೇ, ‘ನಾನೀಗ ಶಾಸಕನಲ್ಲ. ನನ್ನ ಜನ ನನ್ನನ್ನು ಸೋಲಿಸಿದರು. ನಾನೀಗ ಬರೀ ಮೇಷ್ಟರು’ ಎಂದುಬಿಟ್ಟರು. ಮುನ್ನೂರು ಜನ ಶಫೀವುಲ್ಲಾನ ಬಾಯಿ ನೋಡುತ್ತಿದ್ದರು. ಹಾರ ಹಾಕಿಸಿಕೊಂಡ ಮನುಷ್ಯನ ಸೋಲನ್ನು ಹಾರ ಹಾಕಿದವರ ಎದುರಿಗೆ ಯಾರಾದರೂ ಹೇಳುತ್ತಾರೆಯೇ? ಶಂಕರಲಿಂಗಪ್ಪನವರು ಏನೆಂದುಕೊಂಡಾರು? ‘ಇವರು ಎರಡು ಸಾರಿ ಶಾಸನಸಭೆಗೆ ಗೆದ್ದವರು. ಜೊತೆಗೆ ದೊಡ್ಡ ವಿದ್ವಾಂಸರು’ ಎಂದ. ಚಪ್ಪಾಳೆ ಬಿತ್ತು. ಸೋತೆ ಎಂದರೂ ಚಪ್ಪಾಳೆ ಹೊಡೆಯುವ ಜನ ಎಂದು ಪ್ರೊಫೆಸರರ ಮುಖ ಅರಳಿತು. ಮರ್ಯಾದೆಗೆ ಹಾಗೆ ಹೇಳಿದೆ ಎಂದು ಆವತ್ತು ತನಗೆ ತಾನೇ ಹೇಳಿಕೊಂಡಿದ್ದ. ಪೂರ್ತಿ ಸುಳ್ಳಲ್ಲ. ಆದರೆ ‘ಬರೀ ಮೇಷ್ಟರು’ ಎನ್ನುವಾಗ ಅವರು ಸ್ವಲ್ಪ ನಕ್ಕಿದ್ದರಲ್ಲ, ಆ ನಗು ತನ್ನ ಮೈಮೇಲೇ ಬಿದ್ದಂತಾಗಿತ್ತು; ಮತ್ತೆ, ಪಕ್ಕದಲ್ಲಿ ನಿಂತವನು ಶಾಸಕನಾದರೆ ಅವನ ಮಾತು ಹೇಳುವವನ ತೂಕವೂ ಏರುತ್ತದೆ. ಅದನ್ನು ಒಪ್ಪಿಕೊಳ್ಳುವುದಕ್ಕೆ ಮೂರು ತಿಂಗಳು ಬೇಕಾಯಿತು.

ಶಾಸಕರು ಎಂದು ಕಿವಿಗೆ ಬಿದ್ದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ. ಸಭೆ ಮುಗಿಯುವುದರೊಳಗೆ ವೇದಿಕೆಯ ಮೆಟ್ಟಿಲ ಹತ್ತಿರ ಆರು ಜನ ಅರ್ಜಿ ಹಿಡಿದು ನಿಂತಿದ್ದರು. ಯಾವ ರಾಜ್ಯದ ಶಾಸಕರು ಎಂದು ಯಾರೂ ಕೇಳಲಿಲ್ಲ. ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕೂತವರಿಗೆ ಅರ್ಜಿ ಕೊಡುವುದು ಇಲ್ಲಿಯ ರೂಢಿ. ‘ಘನತೆವೆತ್ತ ಅಮೆರಿಕಾ ಶಾಸಕರ ಸನ್ನಿಧಾನಕ್ಕೆ’ ಎಂದು ಮೇಲೆ ಬರೆದು, ಕೆಳಗೆ ಬಾವಿ, ದಾರಿ, ಪಿಂಚಣಿ, ವರ್ಗಾವಣೆ. ಪ್ರೊಫೆಸರರು ಆ ಕಾಗದಗಳನ್ನು ಎರಡೂ ಕೈಯಲ್ಲಿ ಈಸಿಕೊಂಡು, ‘ಇವೇನು ಶಫಿ?’ ಎಂದರು. ಹಾರದ ಹೂವು ಇನ್ನೂ ಬಾಡಿರಲಿಲ್ಲ, ಅಷ್ಟರಲ್ಲೇ ಇವರು ಕೈಯೊಡ್ಡಿಬಿಟ್ಟರಲ್ಲ ಎಂದು ಅವನಿಗೆ ನಾಚಿಕೆಯಾಗಿತ್ತು. ‘ಸ್ವಾಗತ ಪತ್ರಗಳು ಸರ್’ ಎಂದ. ಎಷ್ಟು ಸುಲಭವಾಗಿ ಬಾಯಿಗೆ ಬಂತು. ಆಮೇಲೆ ಮಧುಗಿರಿಯಲ್ಲೂ ಅದೇ, ಚನ್ನರಾಯನದುರ್ಗದಲ್ಲೂ ಅದೇ. ಪಾವಗಡದ ಹತ್ತಿರ ಒಂದು ಹಳ್ಳಿಯಲ್ಲಿ ಪೆದ್ದಮ್ಮ ಎನ್ನುವ ಮುದುಕಿ ಅವನ ತೋಳು ಹಿಡಿದುಕೊಂಡು, ‘ದೊರಗಾರಿಕಿ ಚೆಪ್ಪು ನಾಯ್ನಾ, ಮಾ ಊರ್ಲೋ ನೀಳ್ಳು ಲೇವು, ಬಾವಿ ತೋಡಿಸಪ್ಪಾ ಅಂತ ಚೆಪ್ಪು’ ಎಂದು ತೆಲುಗು ಕನ್ನಡ ಕಲೆಸಿ ಅತ್ತಿದ್ದಳು. ನೀರಿಲ್ಲ, ಬಾವಿ ಬೇಕು ಎನ್ನುವ ಎರಡು ಮಾತು. ‘ಇಷ್ಟು ದೂರದಿಂದ ಬಂದಿರಲ್ಲ ಎಂದು ಅಳುತ್ತಿದ್ದಾಳೆ’ ಎಂದು ಇವನು ಹೇಳಿದ. ಪ್ರೊಫೆಸರರು ಆ ಮುದುಕಿಯ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡು ನಿಂತಿದ್ದರು. ಅಮ್ಮಿ ಅಮೀರ್ ಬಿ ರಂಜಾನು ಶುರುವಾದಾಗಿನಿಂದ, ಹೊಟ್ಟೆಗಷ್ಟೇ ಅಲ್ಲ ಬಾಯಿಗೂ ರೋಜಾದ ಉಪವಾಸ ಇರಬೇಕು ಬೇಟಾ ಎಂದು ಎಲ್ಲರಿಗೂ ಹೇಳುವ ಹಾಗೆ ಹೇಳುತ್ತಿದ್ದಾಳೆ. ತನಗೊಬ್ಬನಿಗೇ ಹೇಳಿದಂತೆ ಅವನಿಗೆ ಕೇಳುತ್ತದೆ.

ದಾಸಮ್ಮ ಅರ್ಜಿ ಕೊಟ್ಟದ್ದು ಬುಕ್ಕಾಪಟ್ಟಣದ ಸಭೆಯಲ್ಲಿ. ‘ಮೂಲ ಚೀಟಿನೇ ಇಟ್ಟು ಪಿನ್ ಒಡ್ದಿವ್ನಿ ಸ್ವಾಮಿ, ನಕಲಿಗೆ ಬಲ ಇರಾಕಿಲ್ಲ’ ಎಂದಿದ್ದಳು. ಅಯ್ಯೋ, ಮೂಲ ಕೊಡಬಾರದು ಕಣಮ್ಮ ಎಂದು ಹೇಳಲು ಬಾಯಿ ತೆರೆದಿದ್ದ. ಹಾಗೆ ಹೇಳಿದರೆ ಪ್ರೊಫೆಸರರು ಏನದು ಎಂದು ಕೇಳುತ್ತಾರೆ, ಸ್ವಾಗತ ಪತ್ರದೊಳಗೆ ಮೂಲ ಯಾವುದು ನಕಲು ಯಾವುದು? ಸಂಜೆ ಮೆಲ್ಲಗೆ ತೆಗೆದಿಟ್ಟುಕೊಂಡರಾಯಿತು ಎಂದು ಸುಮ್ಮನಾದ. ಆ ಸಂಜೆ ಪ್ರೊಫೆಸರರೇ ಎಲ್ಲವನ್ನೂ ಚರ್ಮದ ಫೈಲಿಗೆ ಹಾಕಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿಬಿಟ್ಟರು. ನಾಳೆ, ನಾಡಿದ್ದು, ಸಂಕ್ರಾಂತಿ ಕಳೆಯಲಿ, ಪರೀಕ್ಷೆ ಕಳೆಯಲಿ. ಫೆಬ್ರವರಿಯಲ್ಲಿ ಅವಳು ಸ್ಕೂಲಿನ ಗೇಟಿಗೇ ಬಂದು ನಿಂತಿದ್ದಳು. ಹೆಡ್ ಮಾಸ್ಟರು ಕಿಟಕಿಯಿಂದ ನೋಡುತ್ತಿದ್ದರು. ‘ಕೆಲಸ ನಡೀತಿದೆ ಕಣಮ್ಮ, ಮೇಲಿನವರಿಗೆ ಹೋಗಿದೆ’ ಎಂದು ಇಂಗ್ಲಿಷ್ ಪಾಠ ಹೇಳುವ ಗಟ್ಟಿ ದನಿಯಲ್ಲಿ ಹೇಳಿದ್ದ, ಹೆಡ್ ಮಾಸ್ಟರಿಗೂ ಕೇಳಲಿ ಎಂದು. ಅವಳು ಸೆರಗಿನ ಗಂಟು ಬಿಚ್ಚಿ ನಾಲ್ಕು ಸೀಬೆಹಣ್ಣು ಕೊಟ್ಟುಹೋದಳು. ಆ ಹಣ್ಣನ್ನು ತಿಂದದ್ದು, ಅದು ತುಂಬ ಸಿಹಿಯಾಗಿದ್ದದ್ದು, ಎರಡೂ ನೆನಪಿದೆ.

‘ಕಾಫಿ?’ ಎಂದರು ಪ್ರೊಫೆಸರರು ಒಳಗಿನಿಂದ ಬರುತ್ತಾ. ಒದ್ದೆ ತಲೆ, ಕೆಂಪು ಕತ್ತು, ತೋಳಿಲ್ಲದ ಬನಿಯನ್ನು. ತಕ್ಷಣ ನೆನಪಾಗಿ ಹಣೆ ಮುಟ್ಟಿಕೊಂಡರು. ‘ಕ್ಷಮಿಸಿ ಶಫಿ. ದಿನಾ ಮರೆಯುತ್ತೇನೆ.’ ದಿನಾ ಮರೆಯುತ್ತಿದ್ದರು, ದಿನಾ ಕ್ಷಮೆ ಕೇಳುತ್ತಿದ್ದರು. ಅದಕ್ಕೇ ಅವರನ್ನು ದ್ವೇಷಿಸುವುದು ಸಾಧ್ಯವಾಗಿರಲಿಲ್ಲ. ಬಂಗಲೆ ನೋಡಿಕೊಳ್ಳುವ ಮೇಟಿ ಕರೀಮ್ ಸಾಬ್ ಅವರಿಗೆ ಕಾಫಿ ತಂದಿಟ್ಟು, ಶಫೀವುಲ್ಲಾನ ಕಡೆ ನೋಡಿ, ಮರದ ಕೆಳಗೆ ನೋಡಿ, ‘ಆ ಅಮ್ಮ ಬಹಳ ಹೊತ್ತಿನಿಂದ ಕೂತವ್ಳೆ ಶಫಿ ಮಿಯಾ’ ಎಂದು ಗೊಣಗಿ ಹೋದ. ಪ್ರೊಫೆಸರರು ಎದುರಿಗೆ ಕೂತರು. ಕಂಕುಳಲ್ಲಿದ್ದ ಚರ್ಮದ ಫೈಲನ್ನು ಮೇಜಿನ ಮೇಲಿಟ್ಟರು. ಅದರ ಪಕ್ಕ ಇನ್ನೊಂದು ಟೈಪಾದ ಹಾಳೆ ಇಟ್ಟು, ಮೇಲೆ ಒಂದು ಕಲ್ಲು ಹೇರಿದರು. ತುಮಕೂರಿನ ಒಂದು ಕಾಲೇಜಿನ ಪ್ರಿನ್ಸಿಪಾಲರಿಗೆ ಬರೆದದ್ದು. ಶಫೀವುಲ್ಲಾನಿಗೆ ಲೆಕ್ಚರರ್ ಕೆಲಸ ಕೊಡಬಹುದು ಎಂಬ ಶಿಫಾರಸು. ತಲೆಕೆಳಗಾಗಿಯೂ ಓದಲು ಬರುತ್ತಿತ್ತು: ‘ಇಷ್ಟು ಪ್ರಾಮಾಣಿಕ ದುಭಾಷಿಯನ್ನು ನಾನು ಕಂಡಿಲ್ಲ.’ ಸಹಿ ಇನ್ನೂ ಬಿದ್ದಿರಲಿಲ್ಲ.

‘ಒಂದು ಕೆಲಸ ಮಾಡಿ. ಇವುಗಳಲ್ಲಿ ನಿಮಗೆ ಇಷ್ಟವಾದ ಒಂದು ಸ್ವಾಗತ ಪತ್ರ ಆರಿಸಿ. ಸಂಜೆ ಸಭೆಯಲ್ಲಿ ಓದೋಣ’ ಎಂದರು.

ಫೈಲು ತಾನಾಗಿ ಎದುರಿಗೆ ಬಂದು ಕೂತಿತ್ತು. ಈಗ ಹೇಳಿಬಿಡಬೇಕು. ಅಥವಾ ಹೇಳದೆಯೇ, ಆರಿಸುವ ನೆಪದಲ್ಲಿ, ದಾಸಮ್ಮನ ಕಾಗದದ ಹಿಂದಿನ ಚೀಟಿಯನ್ನು ಪಿನ್ನಿನಿಂದ ಬಿಡಿಸಿ ಕಿಸೆಗೆ ಹಾಕಿಕೊಂಡರೂ ಸಾಕು. ಅವರು ಒಂದು ಸಲ ಒಳಗೆ ಹೋದರೆ ಎರಡು ನಿಮಿಷದ ಕೆಲಸ. ಅವರು ಹೋಗಲಿಲ್ಲ. ಕಾಫಿ ಕುಡಿಯುತ್ತಾ ಮಾತು ತೆಗೆದರು. ಹೊರಡುವ ದಿನದ ಮಾತು, ಅವಸರವಿಲ್ಲದ ಮಾತು. ಹತ್ತು ಹೊಡೆಯಿತು. ಮರದ ಕೆಳಗೆ ದಾಸಮ್ಮ ಎದ್ದು ನಿಂತಳು. ಅವನು ಕೈಯಲ್ಲೇ ಕೂತ್ಕೋ ಎಂದು ಸನ್ನೆ ಮಾಡಿದ, ಕ್ಲಾಸಿನಲ್ಲಿ ಮಾಡುವ ಹಾಗೆ. ಅವಳು ಕೂತಳು. ಅಷ್ಟು ಬೇಗ ಕೂತದ್ದು ಅವನಿಗೆ ಚುಚ್ಚಿತು.

ಪ್ರೊಫೆಸರರು ತಾವು ಮೊದಲ ಸಲ ಗೆದ್ದದ್ದನ್ನು ಹೇಳುತ್ತಿದ್ದರು. ರಜೆಯ ದಿನಗಳಲ್ಲಿ ಹಳೆಯ ಕಾರಿನಲ್ಲಿ ಒಂದೊಂದೇ ರೈತನ ಮನೆಗೆ ಹೋಗಿ ಬಾಗಿಲು ತಟ್ಟಿದ್ದು, ಹಂದಿಯ ದೊಡ್ಡಿಯ ಪಕ್ಕ ನಿಂತು ಸಂವಿಧಾನದ ಮಾತಾಡಿದ್ದು, ಮೇಷ್ಟರು ಬಂದರು ಎಂದು ಜನ ಕುರ್ಚಿ ಒರೆಸಿ ಕೊಟ್ಟದ್ದು. ಚಳಿಗಾಲದಲ್ಲಿ ಅಧಿವೇಶನ, ಉಳಿದ ಕಾಲದಲ್ಲಿ ಪಾಠ. ಹಳ್ಳಿಗಳ ಒಂದು ಕೋಣೆಯ ಸ್ಕೂಲುಗಳನ್ನೆಲ್ಲ ಮುಚ್ಚಿ ದೂರದೂರದಲ್ಲಿ ದೊಡ್ಡ ಸ್ಕೂಲು ಕಟ್ಟಬೇಕು ಎಂಬ ಮಸೂದೆ ಬಂದಾಗ ಅವರು ಅದರ ಪರವಾಗಿ ಮತ ಹಾಕಿದರು. ‘ನಾನು ಸರಿಯಾಗಿದ್ದೆ. ಅದರಲ್ಲಿ ಇವತ್ತಿಗೂ ಸಂಶಯವಿಲ್ಲ. ಆದರೆ ಒಬ್ಬಳು ವಿಧವೆ, ತನ್ನ ಹೊಲದ ಅಂಚಿನ ಸ್ಕೂಲು ಮುಚ್ಚಬೇಡಿ ಎಂದು ನನಗೆ ಏಳು ಪತ್ರ ಬರೆದಳು. ಏಳಕ್ಕೂ ನಾನು ಒಂದೇ ಅಚ್ಚಿನ ಉತ್ತರ ಕಳಿಸಿದೆ. ಎರಡನೆಯದರಿಂದ ಮುಂದೆ ಓದಲೇ ಇಲ್ಲ.’ ಅವರು ಲೋಟದ ತಳ ನೋಡಿದರು. ‘ನಾಲ್ಕು ವರ್ಷ. ಸಾವಿರಾರು ಪತ್ರ. ಏನೂ ಬೇಡದ ಒಂದು ಪತ್ರ ಇರಲಿಲ್ಲ ಶಫಿ. ಒಂದೂ ಇರಲಿಲ್ಲ. ಸೋತ ದಿನ ನಿಜವಾಗಿ ಹೇಳಬೇಕೆಂದರೆ ನನಗೆ ನಿದ್ದೆ ಬಂತು, ಹಾಗೆ ದಣಿದಿದ್ದೆ. ಇಲ್ಲಿಗೆ ಬಂದ ಮೇಲೆ ನೋಡಿ ಇವು.’ ಫೈಲಿನ ಮೇಲೆ ಅಂಗೈ ಇಟ್ಟರು. ‘ಊರಿಗೆ ಹೋಗಿ ಬೈಂಡು ಮಾಡಿಸಿ ಇಟ್ಟುಕೊಳ್ಳುತ್ತೇನೆ.’

ಇದನ್ನು ಕೇಳಿದ ಮೇಲೆ ಹೇಗೆ ಹೇಳುವುದು? ಒಬ್ಬ ಮನುಷ್ಯನ ಇಡೀ ರಾಜಕೀಯಕ್ಕೆ ಸಿಕ್ಕಿದ ಸಂಬಳ ಈ ಫೈಲು. ಇದನ್ನು ತಾನು ಕೊಟ್ಟೆ, ತಾನೇ ಕಿತ್ತುಕೊಳ್ಳಬೇಕು. ಅವರ ಮೇಲಿನ ಕರುಣೆಯಿಂದ ಸುಮ್ಮನಿದ್ದೇನೆ ಎಂದು ಅವನು ಎಣಿಸಿಕೊಂಡ. ಆ ಎಣಿಕೆ ಎಷ್ಟು ಚೆನ್ನಾಗಿತ್ತೆಂದರೆ ಅರ್ಧ ಗಂಟೆ ಅದರೊಳಗೇ ಕೂತಿದ್ದ. ಕಲ್ಲಿನ ಕೆಳಗಿನ ಶಿಫಾರಸು ಗಾಳಿಗೆ ಅಂಚು ಎತ್ತಿ ಎತ್ತಿ ಮಲಗುತ್ತಿತ್ತು. ತುಮಕೂರಿನಲ್ಲಿ ಬಾಡಿಗೆ ಮನೆ, ಲೆಕ್ಚರರ್ ಎಂದು ಬೋರ್ಡು, ಹೆಡ್ ಮಾಸ್ಟರ ಕಿಟಕಿಯಿಲ್ಲದ ಒಂದು ಜಗತ್ತು. ಫೈಲಿನಲ್ಲಿ ಹಾಳೆ ಮಗುಚುತ್ತಿದ್ದ. ನಲವತ್ತೊಂದು. ಮೂವತ್ತೆರಡನೆಯದು ದಾಸಮ್ಮನದು. ಪಿನ್ನು ತುಕ್ಕು ಹಿಡಿದು ಕಾಗದಕ್ಕೆ ಕಚ್ಚಿಕೊಂಡಿತ್ತು. ಹನ್ನೊಂದು ಹೊಡೆಯಿತು. ಹೊಡೆಯುತ್ತಲೇ ಇದ್ದಂತೆ ಕೇಳಿಸಿತು. ಕೇಸುಗಳು ಹನ್ನೊಂದಕ್ಕೇ ಎಲ್ಲಿ ಶುರುವಾಗುತ್ತವೆ, ಅಮಲ್ದಾರರು ಬರುವಾಗ ಹನ್ನೆರಡಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಪ್ರೊಫೆಸರರು ಕರೀಮ್ ಸಾಬ್ ತಂದಿಟ್ಟ ಪುಸ್ತಕಗಳನ್ನು ಎದುರಿಗೇ ಪೆಟ್ಟಿಗೆಗೆ ತುಂಬುತ್ತಿದ್ದರು. ಅವರು ಬಗ್ಗಿದಾಗ ಪಿನ್ನನ್ನು ಉಗುರಿನಿಂದ ಮೀಟಿದ. ಬರಲಿಲ್ಲ. ಇನ್ನೊಮ್ಮೆ ಬಗ್ಗಿದಾಗ ಮತ್ತೆ ಮೀಟಿದ. ಹೀಗೆ ಎಷ್ಟು ಹೊತ್ತು ಕಳೆಯಿತೋ, ಕೊನೆಗೆ ಪಿನ್ನು ಒಮ್ಮೆಲೆ ಕಳಚಿ ಬೆರಳಿಗೆ ಹೊಕ್ಕಿತು. ಚೀಟಿ ಕೈಗೆ ಬಂತು. ಅದನ್ನು ಮಡಿಸಿ ಶರಟಿನ ಕಿಸೆಗೆ ಇಳಿಸುತ್ತಿರುವಾಗ ಪ್ರೊಫೆಸರರು ತಲೆ ಎತ್ತಿ ನೋಡುತ್ತಿದ್ದರು.

‘ಅದನ್ನು ಯಾಕೆ ತೆಗೆದುಕೊಂಡಿರಿ?’

ಮೂವತ್ತನಾಲ್ಕು ವರ್ಷದ ಮನುಷ್ಯ, ಎರಡು ಮಕ್ಕಳ ತಂದೆ, ಕಳ್ಳನಾಗಿ ಸಿಕ್ಕಿಬಿದ್ದಿದ್ದ. ಬೆರಳಿನಲ್ಲಿ ರಕ್ತ ಬಂದಿತ್ತು. ಬಾಯಿ ಒಣಗಿತ್ತು. ಇನ್ನೊಂದು ಸುಳ್ಳು ಹುಡುಕಲು ಶಕ್ತಿ ಇರಲಿಲ್ಲ, ಅದಕ್ಕೇ ನಿಜ ಹೇಳಿದ. ಧೈರ್ಯದಿಂದ ಅಲ್ಲ. ಇವು ಸ್ವಾಗತ ಪತ್ರಗಳಲ್ಲ ಸರ್, ಅರ್ಜಿಗಳು. ನೀವು ಸೋತವರು ಎಂದು ನಾನು ಎಲ್ಲಿಯೂ ಹೇಳಲಿಲ್ಲ. ನೀವು ಈಗಲೂ ಶಾಸಕರು ಎಂದುಕೊಂಡು ಕೊಟ್ಟಿದ್ದಾರೆ. ಇದು ಆ ಮರದ ಕೆಳಗೆ ಕೂತಿರುವ ಹೆಂಗಸಿನ ಜಮೀನಿನ ದಾಖಲೆ. ಅವಳ ಕೇಸು ಹನ್ನೊಂದಕ್ಕೆ.

ಪ್ರೊಫೆಸರರು ಕೈಯಲ್ಲಿದ್ದ ಪುಸ್ತಕವನ್ನು ಪೆಟ್ಟಿಗೆಗೆ ಹಾಕಲಿಲ್ಲ, ಕೆಳಗೂ ಇಡಲಿಲ್ಲ.

‘ಎಲ್ಲವೂ ಅರ್ಜಿಗಳೇ?’

‘ಎಲ್ಲವೂ.’

‘ಪಾವಗಡದ ಆ ಮುದುಕಿ?’

‘ಬಾವಿ ಬೇಕಂತೆ.’

ಅವರು ಕುರ್ಚಿಯಲ್ಲಿ ಕೂತರು. ಕೋಪ ಬರಲಿ ಎಂದು ಶಫೀವುಲ್ಲಾ ಕಾದ. ಬರಲಿಲ್ಲ. ‘ನಾಲ್ಕು ವರ್ಷ ನಾನು ಇದೇ ಕೆಲಸ ಮಾಡಿದವನು’ ಎಂದರು ಮೆಲ್ಲಗೆ. ‘ಯಾವ ಭಾಷೆಯಲ್ಲಿದ್ದರೂ ಅರ್ಜಿ ನೋಡಿದರೆ ಗೊತ್ತಾಗುತ್ತದೆ. ಸ್ವಾಗತ ಪತ್ರಕ್ಕೆ ಯಾರೂ ಹೆಬ್ಬೆಟ್ಟು ಒತ್ತುವುದಿಲ್ಲ ಶಫಿ.’

‘ಮತ್ತೆ ನೀವು ನನ್ನನ್ನು ಯಾಕೆ ಕೇಳಲಿಲ್ಲ?’

‘ಕೇಳಿದ್ದರೆ ನೀವು ಹೇಳಿಬಿಡುತ್ತಿದ್ದಿರಿ.’

ಅವರು ಫೈಲನ್ನು ಮುಚ್ಚಿ, ದಾರ ಸುತ್ತಿ, ಮೇಜಿನ ಮೇಲೆ ಅವನ ಕಡೆಗೆ ತಳ್ಳಿದರು. ಇವು ನನ್ನವಲ್ಲ ಎಂದರು. ಶಿಫಾರಸಿನ ಹಾಳೆಯನ್ನು ಇಬ್ಬರೂ ನೋಡಲಿಲ್ಲ. ನೋಡದಿರುವುದು ಇಬ್ಬರಿಗೂ ಗೊತ್ತಾಗುವ ಹಾಗೆ ನೋಡಲಿಲ್ಲ. ಫೈಲನ್ನು ಕಂಕುಳಲ್ಲಿ ಹಿಡಿದು ಮೆಟ್ಟಿಲಿಳಿಯುವಾಗ ಶಫೀವುಲ್ಲಾನಿಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಒಬ್ಬ ಮುಗ್ಧನಿಗೆ ಮೋಸ ಮಾಡುತ್ತಿದ್ದೇನೆ ಎಂದು ನಾಲ್ಕು ತಿಂಗಳು ನರಳಿದವನಿಗೆ, ಆ ಮುಗ್ಧ ಕಣ್ಣು ಮುಚ್ಚಿಕೊಂಡು ಜೊತೆಗೇ ನಡೆದಿದ್ದ ಎಂದು ತಿಳಿದರೆ ತನ್ನ ನರಳಾಟವೂ ಅಗ್ಗವಾಗಿ ಕಾಣುತ್ತದೆ.

ದಾಸಮ್ಮ ಆಗಲೇ ಗೇಟಿನ ಹತ್ತಿರ ನಿಂತಿದ್ದಳು. ಬಿಸಿಲು ನೆತ್ತಿಗೆ ಬರುತ್ತಿತ್ತು. ಅವಳು ಬರಿಗಾಲಿನಲ್ಲಿ ಮುಂದೆ, ಇವನು ಚಪ್ಪಲಿಯಲ್ಲಿ ಹಿಂದೆ. ಕಚೇರಿಯ ಮೆಟ್ಟಿಲ ಮೇಲೆ ಚಿಕ್ಕರಂಗಯ್ಯ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. ಅತ್ತಿಗೆಯನ್ನು ಕಂಡು ಎದ್ದು ನಿಂತ, ಹೊಸ ಟವೆಲನ್ನು ಹೆಗಲಿನಿಂದ ತೆಗೆದ. ಅಷ್ಟರಲ್ಲೇ ಶಫೀವುಲ್ಲಾನಿಗೆ ಅರ್ಥವಾಯಿತು. ಆದರೂ ಒಳಗೆ ಹೋಗಿ ಗುಮಾಸ್ತ ಕದಿರಯ್ಯನನ್ನು ಕೇಳಿದ.

‘ಮೂರು ಸಲ ಕೂಗ್ಸಿದೆ ಮೇಷ್ಟ್ರೆ’ ಎಂದ ಕದಿರಯ್ಯ, ಕಡತದಿಂದ ಕಣ್ಣು ತೆಗೆಯದೆ. ‘ದಾಸಮ್ಮ ಕೋಂ ಲೇಟ್ ದೊಡ್ಡರಂಗಯ್ಯ ಅಂತ. ಇವತ್ತು ಸಾಹೇಬ್ರು ಸರಿಯಾಗಿ ಹನ್ನೊಂದಕ್ಕೇ ಕೂತ್ಬುಟ್ರು, ಮೊದಲ್ನೇ ಕೇಸೇ ಇದು. ಪಾರ್ಟಿ ಗೈರುಹಾಜರಿ, ದಾಖಲೆ ಇಲ್ಲ. ಆರ್ಡರ್ ಆಯ್ತು. ಸಹಿನೂ ಆಯ್ತು.’

‘ದಾಖಲೆ ಇಲ್ಲಿದೆ. ಮೂಲ. ನೋಡಿ.’

ಕದಿರಯ್ಯ ನೋಡಿದ. ಎರಡೂ ಬದಿ ತಿರುಗಿಸಿ ನೋಡಿದ. ‘ಅಪರಂಜಿ ಅಂತಾ ಚೀಟಿ. ಒಂದು ಗಂಟೆ ಮುಂಚೆ ಇದ್ದಿದ್ರೆ ಕೇಸೇ ಇರ್ತಿರ್ಲಿಲ್ಲ. ಇನ್ನೇನಿದ್ರೂ ಮಧುಗಿರಿಗೆ ಹೋಗಿ ಅಸಿಸ್ಟೆಂಟ್ ಕಮಿಷನರ್ ಸಾಹೇಬ್ರ ತಾವ ಅಪೀಲ್ ಹಾಕ್ಬೇಕು. ಮೂವತ್ತು ದಿನ ಟೈಮಿದೆ. ಓಡಾಡ್ಬೇಕು, ಅಷ್ಟೇಯ.’

ಹೊರಗೆ ಬಂದಾಗ ಚಿಕ್ಕರಂಗಯ್ಯ, ‘ಅತ್ಗೆ, ಬಸ್ಸಿಗೆ ಒತ್ತಾಯ್ತು, ಬತ್ತೀಯಾ?’ ಎಂದು ಕೇಳುತ್ತಿದ್ದ. ಜಂಬದಿಂದಲ್ಲ, ಮಾಮೂಲಿನಂತೆ. ‘ನೀನು ನಡಿ’ ಎಂದಳು ಅವಳು. ಅವನು ಹೋದ. ಕಚೇರಿಯ ಗೋಡೆಯ ನೆರಳಿನಲ್ಲಿ ಇಬ್ಬರೇ ನಿಂತರು. ಇವಳಿಗೆ ಹೇಳಬೇಕಾದ್ದು ಬಾಕಿ ಇತ್ತು. ಕದಿರಯ್ಯನ ಮಾತನ್ನು ಹೇಳಿದ. ಆಮೇಲೆ, ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಒಂದೇ ಉಸಿರಿಗೆ ಉಳಿದದ್ದನ್ನೂ ಹೇಳಿದ.

‘ಅಮ್ಮ, ನಿಮ್ಮ ಅರ್ಜಿನ ಆ ಸಾಹೇಬ್ರಿಗೆ ನಾನು ಓದಿ ಹೇಳೇ ಇಲ್ಲ. ಅರ್ಜಿ ಅಂತಾನೂ ಹೇಳ್ಳಿಲ್ಲ. ಅವ್ರು ಎಮ್ಮೆಲ್ಲೆನೂ ಅಲ್ಲ. ಸೋತು ಏಳು ವರ್ಷ ಆಯ್ತು. ಎಲ್ಲಾ ನಾನೇ ಮುಚ್ಚಿಟ್ಟೆ. ಇವತ್ತು ಚೀಟಿ ತಡ ಆಗಿದ್ದೂ ನನ್ನಿಂದ್ಲೇ.’

ದಾಸಮ್ಮ ಕಣ್ಣಿಗೆ ಕೈ ಅಡ್ಡ ಹಿಡಿದು ಅವನನ್ನು ನೋಡಿದಳು. ‘ಅವ್ರು ಗೆದ್ರೇನು ಸೋತ್ರೇನು ಬುಡಿ ಮೇಷ್ಟ್ರೆ. ಅವ್ರೆಲ್ಲಿ, ನಾವೆಲ್ಲಿ. ನಮ್ಮೂರಿನೋರು ಆವತ್ತು ಅಷ್ಟು ಜನ ಕಾಗ್ದ ಕೊಟ್ಟಿದ್ದು ಆ ಕೆಂಪು ಮನುಸನ್ಗೆ ಅಂದ್ಕಂಡ್ರಾ? ಅವ್ರು ಇವತ್ತಿದ್ದು ನಾಳೆ ಓಗೋರು ಅಂತ ನಮ್ಗೆ ಗೊತ್ತಿರ್ಲಿಲ್ವಾ. ನೀವು ಈ ಸೀಮೇಲೇ ಇರೋರು. ಓದಿದೋರು. ನಮ್ಮ ಮಕ್ಳಿಗೆ ಅಕ್ಸರ ಏಳ್ಕೊಡೋರು. ಕೈ ನೀಡಿ ಈಸ್ಕಂಡ್ರಿ. ನಿಮ್ಮ ಕೈಗೆ ಕೊಟ್ಟೆ ನಾನು.’

ಬೈದಿದ್ದರೆ ಚೆನ್ನಾಗಿತ್ತು. ಮಣ್ಣು ತೂರಿ ಶಪಿಸಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು. ಬೈದಾಳೇನೋ ಎಂದು ಅವನು ನೆಲ ನೋಡುತ್ತಾ ನಿಂತ. ಅವಳು ಚೀಟಿಯನ್ನು ಮಡಿಕೆಯ ಗುರುತಿನ ಮೇಲೇ ಮಡಿಸಿ ಅವನ ಕಡೆ ಚಾಚಿದಳು.

‘ಬೇಡಮ್ಮ’ ಎಂದ. ‘ನಿಮ್ಮ ಹತ್ರಾನೇ ಇರ್ಲಿ. ನನ್ನ ಕೈಗೆ ಬೇಡ.’

‘ನಾನೆಲ್ಲಿ ಮಡಗ್ಲಿ? ನಮ್ಮನೆಗೂ ಮೈದ್ನನ ಮನೆಗೂ ಒಂದೇ ಬಾಗ್ಲು. ಇನ್ಯಾರ್ ತಾವ ಓಗಿ ಕೊಡ್ಲಿ ಏಳಿ. ನನ್ಗೆ ಬ್ಯಾರೆ ಯಾರವ್ರೆ?’

ಅವನು ಕೈ ನೀಡಲಿಲ್ಲ. ಅವಳು ಕಾದಳು, ಬೆಳಗಿನಿಂದ ಕಾದ ಹಾಗೇ, ಆತುರವಿಲ್ಲದೆ. ಕಂಕುಳಲ್ಲಿ ಇನ್ನೂ ನಲವತ್ತು ಜನ ಇದ್ದರು. ಕೊನೆಗೆ ಕೈ ತಾನಾಗಿ ಮುಂದೆ ಹೋಯಿತು. ಚೀಟಿ ಬೆಚ್ಚಗಿತ್ತು.

‘ಮದ್ಗಿರಿಗೆ ಯಾವತ್ತು ಓಗಾದು?’ ಎಂದಳು.

‘ಸೋಮವಾರ’ ಎಂದ.

‘ಯಾವ ಸೋಮವಾರ?’ ಎಂದು ದಾಸಮ್ಮ ಕೇಳಿದಳು.